ಯೌವನಸ್ಥರ ಕೈಗೆ ಕೆಲಸ: ಹೊರಮಾವಿನ ಚರ್ಚುಗಳಲ್ಲಿ ಯುವ ನಾಯಕತ್ವ ತರಬೇತಿಯ ತಯಾರಿ

ಚರ್ಚಿನಲ್ಲಿ ಯುವ ನಾಯಕತ್ವ ತರಬೇತಿ ಎಂದೊಡನೆ ಹೆಚ್ಚಿನವರ ಕಣ್ಣಮುಂದೆ ಬರುವುದು ಮೂರು ದಿನದ ಶಿಬಿರ, ಒಂದೇ ಬಣ್ಣದ ಟೀ ಶರ್ಟು, ಗಿಟಾರು, ಹೊರಗಿನಿಂದ ಕರೆಸಿದ ಭಾಷಣಕಾರರು, ಕೊನೆಗೊಂದು ಗ್ರೂಪ್ ಫೋಟೊ. ಇದರಲ್ಲಿ ತಪ್ಪೇನಿಲ್ಲ. ಆದರೆ ಶಿಬಿರ ಮುಗಿದ ಮುಂದಿನ ಭಾನುವಾರ ಅದೇ ಹುಡುಗರು ಕುರ್ಚಿ ಜೋಡಿಸುವುದಕ್ಕೂ ಪ್ರೊಜೆಕ್ಟರ್ ಹಚ್ಚುವುದಕ್ಕೂ ಮಾತ್ರ ನೆನಪಾದರೆ, ಖರ್ಚಾದ ಹಣಕ್ಕೆ ಫೋಟೊ ಬಿಟ್ಟು ಬೇರೇನೂ ಉಳಿಯಲಿಲ್ಲ ಎಂದೇ ಲೆಕ್ಕ. ಇಂಥ ತರಬೇತಿಯ ಹೊಣೆ ಸಾಮಾನ್ಯವಾಗಿ ಬೀಳುವುದು ಸಂಡೇ ಸ್ಕೂಲ್ ಟೀಚರ್, ಕ್ವಾಯರ್‌ನ ಹಿರಿಯ ಸದಸ್ಯ ಅಥವಾ ಹೊಸದಾಗಿ ಬಂದ ಸಹಾಯಕ ಪಾಸ್ಟರ್ ಹೆಗಲ ಮೇಲೆ. ಕಾರ್ಯಕ್ರಮದ ಮೊದಲ ದಿನಕ್ಕೆ ಮುಂಚೆ ಅವರು ಮಾಡಿಕೊಳ್ಳಬೇಕಾದ ತಯಾರಿಯ ವಿವರ ಇಲ್ಲಿದೆ.

ಊರು, ಸಭೆಗಳು

ಔಟರ್ ರಿಂಗ್ ರಸ್ತೆಯಿಂದ ಕಲ್ಕೆರೆಯ ಕಡೆಗೆ ಚಾಚಿಕೊಂಡಿರುವ ಹೊರಮಾವು ಕೆ.ಆರ್. ಪುರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. ಹಳ್ಳಿಯಾಗಿದ್ದ ಊರು ಎರಡು ದಶಕಗಳಲ್ಲಿ ಲೇಔಟು, ಅಪಾರ್ಟ್‌ಮೆಂಟುಗಳ ಊರಾಯಿತು. ಶಿವಾಜಿನಗರ, ಫ್ರೇಜರ್ ಟೌನ್, ಲಿಂಗರಾಜಪುರದ ಕಡೆಯಿಂದ ಸೈಟು ಕೊಂಡು ಬಂದವರು, 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಬೆಂಗಳೂರಿನ ಪೂರ್ವಕ್ಕೆ ನೆಲೆ ಬದಲಿಸಿದವರು, ಕೇರಳ, ತಮಿಳುನಾಡು, ಆಂಧ್ರದವರು, ಐಟಿ ಕೆಲಸಕ್ಕೋ ಬ್ಯೂಟಿ ಪಾರ್ಲರ್ ಕೆಲಸಕ್ಕೋ ಬಂದ ಈಶಾನ್ಯ ರಾಜ್ಯಗಳ ಯುವಕ ಯುವತಿಯರು, ಎಲ್ಲರೂ ಇಲ್ಲಿದ್ದಾರೆ. ಪಕ್ಕದ ಕೊತ್ತನೂರಿನಲ್ಲಿ ಕ್ರಿಸ್ತು ಜಯಂತಿ ವಿದ್ಯಾಸಂಸ್ಥೆಯಿದೆ, ದೇವಜ್ಞಾನದ ಉನ್ನತ ವ್ಯಾಸಂಗ ನಡೆಯುವ ಸಾಯಾಕ್ಸ್ ಇದೆ. ಓದುವ ವಯಸ್ಸಿನವರಿಗೆ ಕೊರತೆಯಿಲ್ಲ.

ದಂಡು ಪ್ರದೇಶದ ಚರ್ಚುಗಳ ಕಥೆ ಬೇರೆ. ಸೇಂಟ್ ಮಾರ್ಕ್ಸ್ 1812ರದು, ಟ್ರಿನಿಟಿ ಚರ್ಚ್ 1851ರದು. ಅಲ್ಲಿ ಅಜ್ಜ ಕೂರುತ್ತಿದ್ದ ಬೆಂಚಿನಲ್ಲಿ ಮೊಮ್ಮಗ ಕೂರುತ್ತಾನೆ. ಯಾವ ಕೆಲಸ ಯಾರದು ಎನ್ನುವುದು ತಲೆಮಾರುಗಳಿಂದ ನಿಶ್ಚಯವಾಗಿರುತ್ತದೆ. ಹೊರಮಾವಿನ ಅನೇಕ ಸಭೆಗಳು ಬಾಡಿಗೆ ಹಾಲ್‌ನಲ್ಲಿ, ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿ ಸೇರುವಂಥವು. ಒಂದು ಸಭೆ ಒಂಬತ್ತಕ್ಕೆ ಬಿಟ್ಟರೆ ಇನ್ನೊಂದು ಭಾಷೆಯದು ಹತ್ತಕ್ಕೆ ಅದೇ ಹಾಲ್‌ನಲ್ಲಿ ಶುರು. ಹಳೆಯ ಕಟ್ಟಳೆಗಳ ಭಾರ ಇಲ್ಲದಿರುವುದು ಅನುಕೂಲ. ಯುವಕರು ಶನಿವಾರ ಸಂಜೆ ಸೇರೋಣವೆಂದರೆ ಕೋಣೆಯೇ ಇಲ್ಲದಿರುವುದು ಅನನುಕೂಲ. ಹಾಗಾಗಿ ತಯಾರಿಯ ಮೊದಲ ಪ್ರಶ್ನೆ ಜಾಗದ್ದು: ವಾರಕ್ಕೆ ಎರಡು ಗಂಟೆ, ತಪ್ಪದೆ ಸಿಗುವ, ಬೀಗದಕೈ ಯಾರ ಬಳಿ ಇದೆ ಎಂದು ಗೊತ್ತಿರುವ ಜಾಗ ಯಾವುದು?

ಹಿಂದಿನ ಹೆಜ್ಜೆಗಳು

ಯುವಕರನ್ನು ಕ್ರೈಸ್ತ ಸಭೆಯೊಳಗೆ ಬೇರೆಯಾಗಿ ಸಂಘಟಿಸುವ ಪದ್ಧತಿ ತೀರ ಹಳೆಯದಲ್ಲ. ಲಂಡನ್ನಿನ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಜಾರ್ಜ್ ವಿಲಿಯಮ್ಸ್ 1844ರಲ್ಲಿ ಗೆಳೆಯರೊಡನೆ ವೈಎಂಸಿಎ ಆರಂಭಿಸಿದರು. ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಎಂಬ ಪಾಸ್ಟರ್ 1881ರ ಫೆಬ್ರುವರಿ 2ರಂದು ಕ್ರಿಶ್ಚಿಯನ್ ಎಂಡೆವರ್ ಸಂಘ ಕಟ್ಟಿದರು. ಭಾರತದಲ್ಲಿಯೂ ಹರಡಿದ ಈ ಸಂಘದ ಗುಟ್ಟು ಸರಳ. ಹಾಜರಿ ನೋಡುವವರು, ರೋಗಿಗಳನ್ನು ಭೇಟಿಯಾಗುವವರು, ಕೂಟ ನಡೆಸುವವರು ಎಂದು ಸಣ್ಣ ಸಣ್ಣ ಸಮಿತಿಗಳನ್ನು ಮಾಡಿ ಪ್ರತಿಯೊಬ್ಬರಿಗೂ ಒಂದು ಕೆಲಸ ಹಂಚುವುದು. ನೂರ ನಲವತ್ತು ವರ್ಷ ದಾಟಿದರೂ ಇದಕ್ಕಿಂತ ಮೇಲಾದ ಉಪಾಯ ಹೆಚ್ಚೇನೂ ಬಂದಂತಿಲ್ಲ.

ಭಾರತದಲ್ಲಿ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ 1912ರಲ್ಲಿ ಹುಟ್ಟಿತು. ಅದರ ಕೇಂದ್ರ ಕಚೇರಿ ಇರುವುದು ಬೆಂಗಳೂರಿನ ಮಿಷನ್ ರಸ್ತೆಯಲ್ಲಿ. ಮಾರ್ತೋಮಾ ಸಭೆಯ ಯುವಜನ ಸಖ್ಯ 1933ರದು. ಬೆಂಗಳೂರಿನ ಪೂರ್ವಭಾಗದ ಮಲಯಾಳಿ ಕುಟುಂಬಗಳಲ್ಲಿ ಇಂದಿಗೂ ಚಿರಪರಿಚಿತ ಹೆಸರು. ಕ್ರೈಸ್ತ ಯುವಜನರ ಮೂರನೆಯ ವಿಶ್ವ ಸಮ್ಮೇಳನ 1952ರ ಡಿಸೆಂಬರ್‌ನಲ್ಲಿ ಕೊಟ್ಟಾಯಂನಲ್ಲಿ ನಡೆಯಿತು. ವೈಟ್‌ಫೀಲ್ಡ್‌ನಲ್ಲಿ 1963ರಲ್ಲಿ ಎಂ.ಎ. ಥಾಮಸ್ ಕಟ್ಟಿದ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ಹಲವು ಪಂಗಡಗಳ ಕ್ರೈಸ್ತರು ಒಂದೇ ಸೂರಿನಡಿ ಸೇರುವ ಜಾಗವಾಯಿತು. ಕಥೋಲಿಕರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, 1967ರಲ್ಲಿ, ಹಚಿನ್ಸ್ ರಸ್ತೆಯಲ್ಲಿ ಎನ್‌ಬಿಸಿಎಲ್‌ಸಿ (ರಾಷ್ಟ್ರೀಯ ಬೈಬಲ್, ಧರ್ಮೋಪದೇಶ, ಆರಾಧನಾವಿಧಿ ಕೇಂದ್ರ) ಆರಂಭವಾಗಿ ಧರ್ಮೋಪದೇಶಕರ ತರಬೇತಿಗೆ ಹೊಸ ದಿಕ್ಕು ಕೊಟ್ಟಿತು. ಹೊರಮಾವಿನಿಂದ ಈ ಕೇಂದ್ರ ದೂರವೇನಲ್ಲ. ಆದರೂ ಯೂಟ್ಯೂಬ್ ನೋಡಿ ಪಾಠಕ್ರಮ ಇಳಿಸಿಕೊಳ್ಳುವವರೇ ಈಗ ಹೆಚ್ಚು.

ಮೊದಲ ಮಾತು ಹಿರಿಯರ ಜೊತೆ

ತಯಾರಿಯ ಬಹುಪಾಲು ಯುವಕರ ಜೊತೆಗಿನ ಕೆಲಸ ಎಂದುಕೊಂಡು ಹೊರಟವರು ನಾಲ್ಕನೇ ವಾರಕ್ಕೆ ಹಿರಿಯರ ಮುಂದೆ ನಿಂತಿರುತ್ತಾರೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಾದರೆ ಪ್ಯಾಸ್ಟರೇಟ್ ಕಮಿಟಿ, ಕಥೋಲಿಕ ಧರ್ಮಕೇಂದ್ರವಾದರೆ ಪಾಲನಾ ಪರಿಷತ್ತು, ಸ್ವತಂತ್ರ ಸಭೆಯಾದರೆ ಪಾಸ್ಟರ್ ಮತ್ತು ಹಿರಿಯರ ಬಳಗ. ಇವರ ಒಪ್ಪಿಗೆ ಇಲ್ಲದೆ ಏನೂ ನಡೆಯದು. ‘ಆಗಲಿ, ಮಾಡಿ, ದೇವರು ಆಶೀರ್ವದಿಸಲಿ’ ಎಂಬ ಒಪ್ಪಿಗೆ ಸಾಲದು. ಅದು ಎಲ್ಲದಕ್ಕೂ ಸಿಗುತ್ತದೆ. ಕೇಳಿ ಬರೆಸಿಕೊಳ್ಳಬೇಕಾದದ್ದು ಮೂರು: ಯುವಕರೇ ತೀರ್ಮಾನ ತೆಗೆದುಕೊಳ್ಳಬಹುದಾದ ಒಂದು ನಿಜವಾದ ಕೆಲಸ, ಅದಕ್ಕೆ ಸಣ್ಣದಾದರೂ ಒಂದು ಹಣದ ಮೊತ್ತ, ಸಮಿತಿಯ ಸಭೆಯಲ್ಲಿ ಅವರ ಪ್ರತಿನಿಧಿಗೆ ಮಾತಾಡುವ ಅವಕಾಶ.

ಮೂರರಲ್ಲಿ ಹೆಚ್ಚು ಎಳೆದಾಟ ಆಗುವುದು ಹಣದ ಮೇಲೆ. ‘ಮಕ್ಕಳ ಕೈಲಿ ದುಡ್ಡು ಯಾಕೆ ಬ್ರದರ್, ಏನು ಬೇಕೋ ಕೇಳಲಿ, ನಾವೇ ತರಿಸಿಕೊಡ್ತೀವಿ’ ಎನ್ನುವ ಅಂಕಲ್ ಒಬ್ಬರು ಪ್ರತಿ ಸಭೆಯಲ್ಲೂ ಇರುತ್ತಾರೆ. ಅವರ ಮಾತಿನಲ್ಲಿ ಪ್ರೀತಿ ಇಲ್ಲವೆಂದಲ್ಲ. ಆದರೆ ಐದು ಸಾವಿರ ರೂಪಾಯಿಯ ಲೆಕ್ಕ ಬರೆದು, ಬಿಲ್ಲು ಅಂಟಿಸಿ, ಉಳಿದದ್ದನ್ನು ಖಜಾಂಚಿಗೆ ಹಿಂದಿರುಗಿಸಿದ ಹುಡುಗಿಗೆ ಬರುವ ತಿಳಿವಳಿಕೆ ಹೊಣೆಗಾರಿಕೆಯ ಬಗ್ಗೆ ಕೇಳಿದ ಯಾವ ಉಪನ್ಯಾಸದಿಂದಲೂ ಬರುವುದಿಲ್ಲ. ಲೆಕ್ಕ ತಪ್ಪಬಹುದು. ತಪ್ಪಿದರೂ ಸಭೆ ಮುಳುಗದಷ್ಟು ಚಿಕ್ಕ ಮೊತ್ತವನ್ನೇ ಮೊದಲು ಕೇಳುವುದು ಜಾಣತನ.

ಹೀಗೆ ಹೊಣೆ ಹಂಚುವುದಕ್ಕೆ ಬೈಬಲಿನಲ್ಲೇ ಆಧಾರ ಹುಡುಕುವವರಿಗೆ ವಿಮೋಚನಕಾಂಡದ 18ನೇ ಅಧ್ಯಾಯ ಸಿಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಿದ್ದ ಮೋಶೆಯನ್ನು ನೋಡಿ, ಮಾವ ಇತ್ರೋವನು ಸಾವಿರ, ನೂರು, ಐವತ್ತು, ಹತ್ತು ಜನಕ್ಕೆ ಒಬ್ಬೊಬ್ಬರಂತೆ ಅಧಿಪತಿಗಳನ್ನು ನೇಮಿಸೆಂದು ಹೇಳುತ್ತಾನೆ. ಹತ್ತು ಜನರ ಮೇಲಿನವನೂ ತನ್ನ ಮಟ್ಟದ ವ್ಯಾಜ್ಯವನ್ನು ತಾನೇ ತೀರಿಸುತ್ತಾನೆ, ಕಷ್ಟದ್ದು ಮಾತ್ರ ಮೇಲಕ್ಕೆ ಬರುತ್ತದೆ.

ಎಂಟು ಮೆಟ್ಟಿಲಿನ ಏಣಿ

ಯುವಕರ ಪಾಲುಗೊಳ್ಳುವಿಕೆಯನ್ನು ಅಳೆಯಲು ರೋಜರ್ ಹಾರ್ಟ್ ಎಂಬುವರು 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪುಸ್ತಿಕೆಯಲ್ಲಿ ಎಂಟು ಮೆಟ್ಟಿಲುಗಳ ಏಣಿಯೊಂದನ್ನು ಕೊಟ್ಟಿದ್ದಾರೆ. ಕೆಳಗಿನ ಮೂರು ಮೆಟ್ಟಿಲುಗಳು ಪಾಲುಗೊಳ್ಳುವಿಕೆಯೇ ಅಲ್ಲ ಎನ್ನುವುದು ಅವರ ವಾದ: ದೊಡ್ಡವರ ಮಾತನ್ನು ಮಕ್ಕಳ ಬಾಯಲ್ಲಿ ಆಡಿಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಸೇರಿಸಿಕೊಳ್ಳುವುದು. ನಾಲ್ಕನೆಯದರಲ್ಲಿ ಕೆಲಸ ಒಪ್ಪಿಸಿ ಕಾರಣ ತಿಳಿಸಲಾಗುತ್ತದೆ, ಐದರಲ್ಲಿ ಅವರ ಸಲಹೆ ಕೇಳಲಾಗುತ್ತದೆ, ಆರರಲ್ಲಿ ದೊಡ್ಡವರು ಆರಂಭಿಸಿದ ಕೆಲಸದ ತೀರ್ಮಾನ ಹಂಚಿಕೆಯಾಗುತ್ತದೆ. ಏಳರಲ್ಲಿ ಮಕ್ಕಳೇ ಆರಂಭಿಸಿ ಮಕ್ಕಳೇ ನಡೆಸುತ್ತಾರೆ. ಎಂಟರಲ್ಲಿ ಮಕ್ಕಳು ಆರಂಭಿಸಿ ದೊಡ್ಡವರ ಜೊತೆ ಕೂತು ತೀರ್ಮಾನಿಸುತ್ತಾರೆ.

ನಮ್ಮ ಚರ್ಚುಗಳ ‘ಯುವಜನರ ಭಾನುವಾರ’ವನ್ನು ಈ ಏಣಿಗೆ ಒರಗಿಸಿ ನೋಡಬಹುದು. ಅಂದು ವೇದವಾಕ್ಯ ಓದುವವರು, ಕಾಣಿಕೆ ತಟ್ಟೆ ಹಿಡಿಯುವವರು, ಹಾಡುವವರೆಲ್ಲ ಯುವಕರೇ. ಆದರೆ ವಾಕ್ಯ ಆರಿಸಿದವರು ಯಾರು, ಹಾಡು ಗೊತ್ತುಮಾಡಿದವರು ಯಾರು ಎಂದು ಕೇಳಿದರೆ ಎರಡನೇ ಮೆಟ್ಟಿಲಿನಲ್ಲೇ ನಿಂತಿರುವುದು ತಿಳಿಯುತ್ತದೆ. ತಯಾರಿ ನಡೆಸುವವರು ಸಭೆಯ ಸದ್ಯದ ಒಂದೊಂದು ಕೆಲಸವನ್ನೂ ಹೀಗೆ ಗುರುತು ಹಾಕಿಕೊಂಡರೆ, ಎಲ್ಲಿಂದ ಶುರು ಮಾಡಬೇಕೆಂಬುದು ತಾನಾಗಿ ಕಾಣುತ್ತದೆ. ಒಂದನೇ ಮೆಟ್ಟಿಲಿನಿಂದ ಎಂಟಕ್ಕೆ ಹಾರಿಸುವ ಉತ್ಸಾಹವೂ ಬೇಡ. ಹದಿನೈದರ ಹುಡುಗನಿಗೆ ಪೂರ್ತಿ ಶಿಬಿರ ವಹಿಸಿ ‘ನೀನೇ ನೋಡಿಕೋ’ ಎಂದರೆ ಅದು ವಿಶ್ವಾಸವಲ್ಲ, ಜಾರಿಕೊಳ್ಳುವುದು.

ಭಾಷೆಯ ತೊಡಕು

ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯವನ್ನು ಹೊರಮಾವಿನಲ್ಲಿ ಓದುವಾಗ ಬೇರೆಯೇ ಅರ್ಥ ಹೊಳೆಯುತ್ತದೆ. ಯೆರೂಸಲೇಮಿನ ಮೊದಲ ಸಭೆಯಲ್ಲಿ ಗ್ರೀಕ್ ಮಾತಾಡುವವರು ಗೊಣಗಿದರು: ದಿನದಿನದ ಊಟ ಹಂಚುವಾಗ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು. ಅಪೊಸ್ತಲರು ಆ ಕೆಲಸಕ್ಕೆ ಏಳು ಮಂದಿಯನ್ನು ಆರಿಸಲು ಹೇಳಿದರು. ಆಯ್ಕೆಯಾದ ಏಳು ಹೆಸರುಗಳೂ, ಸ್ತೆಫನ, ಫಿಲಿಪ್ಪ ಮೊದಲಾಗಿ, ಗ್ರೀಕ್ ಹೆಸರುಗಳೇ. ದೂರು ಯಾರದಾಗಿತ್ತೋ ಅವರ ಕೈಗೇ ಬಟವಾಡೆಯ ಹೊಣೆ ಹೋಯಿತು. ಸಭೆಯಲ್ಲಿ ಹೊಸ ನಾಯಕರ ಮೊದಲ ಆಯ್ಕೆಗಳಲ್ಲೊಂದು ನಡೆದದ್ದು ಭಾಷೆ ಮತ್ತು ಊಟದ ಜಗಳದಲ್ಲಿ ಎನ್ನುವುದನ್ನು ಪ್ರಸಂಗಗಳಲ್ಲಿ ಯಾಕೋ ಯಾರೂ ಒತ್ತಿ ಹೇಳುವುದಿಲ್ಲ.

ಇಲ್ಲಿನ ಯುವಕೂಟಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತವೆ. ಬೇರೆ ಬೇರೆ ಮನೆಮಾತಿನವರನ್ನು ಒಟ್ಟಿಗೆ ಕೂರಿಸಲು ಅದು ಸುಲಭದ ದಾರಿ, ನಿಜ. ಆದರೆ ಅದೇ ಕಾರಣಕ್ಕೆ ಮೊದಲ ತಿಂಗಳಲ್ಲೇ ‘ನಾಯಕರು’ ಎಂದು ಎದ್ದು ಕಾಣುವವರು ಇಂಗ್ಲಿಷ್ ಚೆನ್ನಾಗಿ ಬರುವವರು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿರುವ ಹುಡುಗಿ ಮೂಲೆಯಲ್ಲಿ ಕೂತು ನಗುತ್ತಾಳೆ, ಎರಡು ವಾರ ಬಂದು ನಿಲ್ಲಿಸುತ್ತಾಳೆ. ಹೊರಮಾವಿನ ಬೀದಿಯಲ್ಲಿ, ವಾರ್ಡ್ ಕಚೇರಿಯಲ್ಲಿ, ಪೊಲೀಸ್ ಠಾಣೆಯಲ್ಲಿ ಸಭೆಯ ಪರವಾಗಿ ಮಾತಾಡಬೇಕಾದಾಗ ಬೇಕಾಗುವುದು ಅವಳ ಕನ್ನಡವೇ. ಕನ್ನಡದಲ್ಲಿ ಪ್ರಾರ್ಥಿಸಲು, ಅರ್ಜಿ ಬರೆಯಲು, ಪಕ್ಕದ ಮನೆಯವರೊಡನೆ ಮಾತಾಡಲು ಬರುವುದನ್ನು ತರಬೇತಿಯ ಭಾಗವಾಗಿಯೇ ಇಡಬೇಕು. ಗುಂಪು ಚರ್ಚೆ ಆಯಾ ಭಾಷೆಯಲ್ಲಿ ನಡೆದು ವರದಿ ಮಾತ್ರ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಬರಲಿ. ಅನುವಾದಿಸುವ ಕೆಲಸವನ್ನೂ ಸರದಿಯ ಮೇಲೆ ಕೊಟ್ಟರೆ ಇನ್ನೂ ಒಳ್ಳೆಯದು. ಇನ್ನೊಬ್ಬರ ಮಾತನ್ನು ಕಿವಿಗೊಟ್ಟು ಕೇಳದೆ ಅನುವಾದ ಆಗುವುದಿಲ್ಲ.

ಕ್ಯಾಲೆಂಡರ್

ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ, ಪಿಯು ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ, ಮೇ ಮೊದಲಲ್ಲಿ ನೀಟ್. ಈಸ್ಟರ್ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಾದರೂ ಬರುತ್ತದೆ, ಅದರ ಹಿಂದಿನ 40 ದಿನ ತಪಸ್ಸು ಕಾಲ. ಡಿಸೆಂಬರ್ ಕ್ಯಾರಲ್ಸ್‌ಗೆ ಮೀಸಲು. ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗೆ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ನವದಿನ ಪ್ರಾರ್ಥನೆ ಮತ್ತು ಹಬ್ಬ. ಕಥೋಲಿಕ ಮನೆಗಳು ಆ ದಿನಗಳಲ್ಲಿ ಬೇರೆ ಯಾವುದಕ್ಕೂ ಸಿಗುವುದಿಲ್ಲ. ಹೀಗೆ ಕಳೆಯುತ್ತಾ ಹೋದರೆ ಹತ್ತು ಹನ್ನೆರಡು ವಾರ ಒಟ್ಟಿಗೆ ಸಿಗುವುದು ಜೂನ್ ಎರಡನೇ ವಾರದಿಂದ ಆಗಸ್ಟ್ ಕೊನೆಯವರೆಗೆ. ಅದು ಮಳೆಗಾಲ. ಮೆಟ್ರೊ ನೀಲಿ ಮಾರ್ಗದ ಕಾಮಗಾರಿ ನಡೆಯುವ ರಿಂಗ್ ರಸ್ತೆ, ರೈಲ್ವೆ ಅಂಡರ್‌ಪಾಸು ಎರಡನ್ನೂ ದಾಟಿ ಸಂಜೆ ಆರಕ್ಕೆ ಬನ್ನಿ ಎಂದರೆ ಆರೂವರೆಯ ತನಕ ಅರ್ಧ ಜನವೂ ಸೇರಿರುವುದಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ, ಊಟ ಕೊಟ್ಟು, ಮೂರರೊಳಗೆ ಬಿಡುವುದು ಇಲ್ಲಿ ನಡೆಯುವ ಏರ್ಪಾಡು.

ಪಾಠಕ್ಕೆ ಮುಂಚೆ ಕೆಲಸ

ಪಾಠಕ್ರಮ ಮೊದಲು ಬರೆದು ಅದಕ್ಕೊಂದು ‘ಪ್ರಾಜೆಕ್ಟ್’ ಅಂಟಿಸುವುದು ರೂಢಿ. ಉಲ್ಟಾ ಮಾಡಿದರೆ ಫಲ ಹೆಚ್ಚು: ಮೊದಲು ಕೆಲಸ ಗೊತ್ತುಮಾಡಿ, ಅದಕ್ಕೆ ಬೇಕಾದಷ್ಟೇ ಪಾಠ.

ಇಲ್ಲಿನ ಸಭೆಗಳಲ್ಲಿ ತಾನಾಗಿಯೇ ಇರುವ ಒಳ್ಳೆಯ ಕೆಲಸ ಬೇಸಿಗೆಯ ವಿಬಿಎಸ್ (ವೆಕೇಶನ್ ಬೈಬಲ್ ಸ್ಕೂಲ್). ನ್ಯೂಯಾರ್ಕಿನಲ್ಲಿ 1890ರ ದಶಕದ ಕೊನೆಗೆ, ರಜೆಯಲ್ಲಿ ಬೀದಿ ಅಲೆಯುತ್ತಿದ್ದ ಬಡ ಮಕ್ಕಳಿಗಾಗಿ ಎಲೈಜಾ ಹಾಸ್ ನಡೆಸಿದ ಬೇಸಿಗೆ ಶಾಲೆಯಿಂದ ಬೆಳೆದುಬಂದ ಪದ್ಧತಿ ಇದು. ಏಪ್ರಿಲ್–ಮೇ ತಿಂಗಳಲ್ಲಿ ಕೆಲವು ದಿನ ಬೆಳಗಿನ ಹೊತ್ತು ಹಾಡು, ಕಥೆ, ಕರಕುಶಲ. ಹತ್ತನೇ ತರಗತಿ ಮುಗಿಸಿದವರು ಐದಾರು ವರ್ಷದ ಮಕ್ಕಳ ಗುಂಪಿಗೆ ಟೀಚರ್ ಆಗುವುದು ಇಲ್ಲೇ. ಅಳುವ ಮಗುವನ್ನು ಸಮಾಧಾನ ಮಾಡುವುದು, ಬಣ್ಣದ ಪೆನ್ಸಿಲು ಸಾಲದೆ ಬಂದಾಗ ದಾರಿ ಹುಡುಕುವುದು, ತಡವಾಗಿ ಬರುವ ಅಪ್ಪ ಅಮ್ಮನಿಗೆ ಮಗುವನ್ನು ಜೋಪಾನವಾಗಿ ಒಪ್ಪಿಸುವುದು, ಇವೆಲ್ಲ ನಾಯಕತ್ವವೇ. ವಿಬಿಎಸ್‌ಗೆ ಮುಂಚಿನ ಎರಡು ಶನಿವಾರ ಕಥೆ ಹೇಳುವ ಅಭ್ಯಾಸ, ನಂತರದ ಒಂದು ಶನಿವಾರ ಏನಾಯಿತೆಂಬ ಮಾತುಕತೆ ಇಟ್ಟರೆ ಸಾಕು.

ಇನ್ನೊಂದು ಸುಗ್ಗಿಯ ಆರಾಧನೆ. ಮನೆಗಳಿಂದ ಬಂದ ತೆಂಗಿನಕಾಯಿ, ಬಾಳೆಗೊನೆ, ಕೇಕು, ಕೋಳಿ ಎಲ್ಲ ಆರಾಧನೆಯ ಬಳಿಕ ಹರಾಜಾಗುತ್ತದೆ. ಒಂದು ಕುಂಬಳಕಾಯಿ ಮಾರುಕಟ್ಟೆ ಬೆಲೆಯ ಹತ್ತುಪಟ್ಟಿಗೆ ಹೋಗುವುದೂ ಉಂಟು. ಹರಾಜು ಕೂಗುವುದು, ಚೀಟಿ ಬರೆಯುವುದು, ಆಮೇಲೆ ಕೊಡುತ್ತೇನೆಂದು ಹೋದವರಿಂದ ಮರ್ಯಾದೆಯಿಂದ ವಸೂಲಿ ಮಾಡುವುದು, ಅಂದೇ ಸಂಜೆ ಲೆಕ್ಕ ಓದುವುದು, ಈ ಸರಪಳಿ ಪೂರ್ತಿ ಯುವಕರದೇ ಆಗಬಹುದು. ಕಡೆಯ ಎರಡು ಕೆಲಸ ಸಾಮಾನ್ಯವಾಗಿ ಹಿರಿಯರ ಬಳಿಯೇ ಉಳಿಯುತ್ತವೆ, ಕಲಿಯಬೇಕಾದದ್ದು ಅಲ್ಲೇ ಇದ್ದರೂ.

ಸಭೆಯ ಗೋಡೆಯಾಚೆಗಿನ ಕೆಲಸಕ್ಕೆ ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡಿನ್ ಅವರ ವಿಧಾನ ಇಂದಿಗೂ ಉಪಯುಕ್ತ. ಕಾರ್ಖಾನೆಗೆ ದುಡಿಯಲು ಹೋಗುತ್ತಿದ್ದ ಹುಡುಗ ಹುಡುಗಿಯರನ್ನು ಸಂಘಟಿಸಿ 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಚಳವಳಿಗೆ ರೂಪ ಕೊಟ್ಟವರು ಅವರು. ನೋಡು, ತೂಗು, ಮಾಡು ಎಂಬ ಮೂರು ಹೆಜ್ಜೆಗಳ ಅವರ ಪದ್ಧತಿಯನ್ನು ಪೋಪ್ 23ನೇ ಜಾನ್ 1961ರ ವಿಶ್ವಪತ್ರದಲ್ಲಿ ಅನುಮೋದಿಸಿದರು. ಹೊರಮಾವಿನಲ್ಲಿ ನೋಡಬೇಕಾದದ್ದು ಕಣ್ಣೆದುರಿಗೇ ಇದೆ. 2025ರ ಮೇ ತಿಂಗಳ ಮಳೆಗೆ ಸಾಯಿ ಲೇಔಟ್ ಮುಳುಗಿ ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಮಳೆ ಬಂದ ಮರುದಿನ ಬ್ರೆಡ್ಡು ಹಂಚುವುದು ಸುಲಭ, ಬೇಕಾದದ್ದೂ ಹೌದು. ಆದರೆ ನೀರು ಯಾಕೆ ಅಲ್ಲೇ ನಿಲ್ಲುತ್ತದೆ, ರಾಜಕಾಲುವೆ ಎಲ್ಲಿ ಕಿರಿದಾಗಿದೆ, ರೈಲು ಹಳಿಯ ಕೆಳಗಿನ ಮೋರಿ ಎಷ್ಟು ಅಗಲ, ನೆಲಮಹಡಿಯಲ್ಲಿ ಬಾಡಿಗೆಗಿರುವವರಲ್ಲಿ ಒಬ್ಬರೇ ವಾಸಿಸುವ ವೃದ್ಧರು ಎಷ್ಟು ಮಂದಿ ಎಂದು ಜೂನ್‌ಗೆ ಮುಂಚೆ ನಡೆದು ನೋಡಿ ಬರೆದಿಟ್ಟುಕೊಳ್ಳುವುದು ‘ನೋಡು’ ಎಂಬ ಹೆಜ್ಜೆ. ಅದು ಮುಗಿದ ಮೇಲೆಯೇ ಏನು ಮಾಡಬಹುದು ಎಂಬ ಮಾತು. ಅವಸರದ ಹುಡುಗರಿಗೆ ಇದು ಬೇಸರ ತರಿಸುತ್ತದೆ. ತರಿಸಲಿ.

ಸುರಕ್ಷತೆ, ಕಾನೂನು

ಈ ಭಾಗದಲ್ಲಿ ಅಭಿಪ್ರಾಯಕ್ಕೆ ಎಡೆಯಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಲೈಂಗಿಕ ಅಪರಾಧ ನಡೆದದ್ದು ತಿಳಿದರೆ, ನಡೆಯುವ ಸಂಭವವಿದೆಯೆಂದು ತಿಳಿದರೂ, ಪೊಲೀಸರಿಗೋ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ತಿಳಿಸುವುದು 19ನೇ ಸೆಕ್ಷನ್ ಪ್ರಕಾರ ಕಡ್ಡಾಯ. ತಿಳಿಸದವರಿಗೆ 6 ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಅಧೀನದವರ ಅಪರಾಧವನ್ನು ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು ಮತ್ತು ದಂಡ. ‘ಮೊದಲು ಪಾಸ್ಟರ್‌ಗೆ ಹೇಳೋಣ, ಕಮಿಟಿಯಲ್ಲಿ ಕೂತು ಮಾತಾಡೋಣ, ಸಭೆಯ ಹೆಸರು ಕೆಡುತ್ತದೆ’ ಎನ್ನುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098, ತುರ್ತು ಕರೆ 112. ಎರಡೂ ಸಂಖ್ಯೆಗಳು ಹಾಲ್‌ನ ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಬೀಳುವ ಕಡೆ ಇರಬೇಕು.

ಉಳಿದದ್ದು ಶಿಸ್ತಿನ ಮಾತು. ಯಾವ ಕೋಣೆಯಲ್ಲೂ ಒಬ್ಬ ದೊಡ್ಡವರು ಒಂದು ಮಗುವಿನೊಡನೆ ಒಂಟಿಯಾಗಿ ಇರಬಾರದು. ಇಬ್ಬರು ದೊಡ್ಡವರು, ತೆರೆದ ಬಾಗಿಲು. ರಾತ್ರಿ ಖಾಸಗಿ ವಾಟ್ಸ್ಆ್ಯಪ್ ಸಂದೇಶ ಬೇಡ, ಮಾತೆಲ್ಲ ಗುಂಪಿನಲ್ಲಿ, ಅದರಲ್ಲಿ ಪೋಷಕರೂ ಇರಲಿ. ಶಿಬಿರಕ್ಕೆ ಕರೆದೊಯ್ಯುವ ಮುನ್ನ ಪೋಷಕರ ಸಹಿ, ಉಬ್ಬಸ, ಅಲರ್ಜಿ, ಮಾತ್ರೆಗಳ ವಿವರ. ಬೇರೆ ಧರ್ಮದ ಗೆಳೆಯರು ಬರುವುದಾದರೆ ಅವರ ಮನೆಯವರಿಗೆ ಇದು ಚರ್ಚಿನ ಕಾರ್ಯಕ್ರಮ, ಅಲ್ಲಿ ಪ್ರಾರ್ಥನೆ ಇರುತ್ತದೆ ಎಂದು ಸ್ಪಷ್ಟವಾಗಿ ಮೊದಲೇ ತಿಳಿದಿರಬೇಕು. ಕೆರೆ, ಜಲಾಶಯದ ಬದಿಯ ಶಿಬಿರದಲ್ಲಿ ನೀರಿಗಿಳಿಯುವುದನ್ನು ಪೂರ್ತಿ ನಿಷೇಧಿಸುವುದೇ ಕ್ಷೇಮ.

ಸ್ಕೂಟರಿನ ವಿಷಯ ಪ್ರತ್ಯೇಕವಾಗಿ ಹೇಳಬೇಕು. 2019ರ ಮೋಟಾರು ವಾಹನ ತಿದ್ದುಪಡಿಯ ನಂತರ, 18 ತುಂಬದವರು ಗಾಡಿ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಕ್ಯಾರಲ್ಸ್ ಸುತ್ತಾಟದಲ್ಲಿ ಮೂವರು ಒಂದೇ ಆಕ್ಟಿವಾ ಹತ್ತುವುದನ್ನು ನೋಡಿ ನಗುವ ಹಿರಿಯರು ಇದನ್ನು ನೆನಪಿಡಬೇಕು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವುದನ್ನು 2000ದ ಶಬ್ದ ಮಾಲಿನ್ಯ ನಿಯಮಗಳು ತಡೆಯುತ್ತವೆ.

ನಡೆಸುವವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದದ್ದು

ಬೈಬಲ್ ಜ್ಞಾನ, ಪ್ರಾರ್ಥನಾ ಜೀವನ, ಒಳ್ಳೆಯ ನಡತೆ ಇವು ಸಭೆಯೇ ನೋಡುವ ಅರ್ಹತೆಗಳು. ಸಾಮಾನ್ಯವಾಗಿ ಯಾರೂ ಪರೀಕ್ಷಿಸದ ಒಂದು ಅರ್ಹತೆ ಇದೆ: ತಾನು ಇನ್ನೂ ಚೆನ್ನಾಗಿ ಮಾಡಬಲ್ಲ ಕೆಲಸವನ್ನು ಇನ್ನೊಬ್ಬ ಸುಮಾರಾಗಿ ಮಾಡುತ್ತಿರುವಾಗ ಸುಮ್ಮನೆ ಕೂರುವ ತಾಳ್ಮೆ. ಹಾಡುಗಾರಿಕೆಯಲ್ಲಿ, ಮಾತುಗಾರಿಕೆಯಲ್ಲಿ ಹೆಸರಾದವರಿಗೆ ಇದು ಕಠಿಣ. ವೇದಿಕೆಯ ಮೇಲೆ ಹುಡುಗ ತಡವರಿಸಿದೊಡನೆ ಮೈಕು ಕಸಿದುಕೊಳ್ಳುವವರು ಈ ಹೊಣೆ ಹೊರದಿರುವುದೇ ಲೇಸು. ಬೇರೆ ಅರ್ಹತೆಗಳೆಲ್ಲ ಇದ್ದರೂ ಇದೊಂದು ಇಲ್ಲದವರನ್ನು ನಾನಂತೂ ಆರಿಸುವುದಿಲ್ಲ.

ಒಬ್ಬರೇ ನಡೆಸುವುದಕ್ಕಿಂತ ಒಬ್ಬ ಪುರುಷ, ಒಬ್ಬ ಮಹಿಳೆ ಜೊತೆಯಾಗಿ ನಡೆಸಿದರೆ ಹುಡುಗಿಯರು ಮುಂದೆ ಬರುತ್ತಾರೆ, ಮನೆಯವರೂ ಕಳುಹಿಸುತ್ತಾರೆ. ಹುಡುಗಿಯರನ್ನು ಅಡುಗೆ ಮತ್ತು ಅಲಂಕಾರಕ್ಕೆ, ಹುಡುಗರನ್ನು ಸೌಂಡ್ ಸಿಸ್ಟಂಗೆ ಹಂಚುವ ಪರಿಪಾಠವನ್ನು ಮೊದಲ ವಾರವೇ ಮುರಿಯಬೇಕು. ಆರನೇ ವಾರದಲ್ಲಿ ಆಗುವುದಿಲ್ಲ.

ನೆರೆಯ ಧರ್ಮಗಳಲ್ಲಿ

ಈ ಕೆಲಸ ಕ್ರೈಸ್ತರದ್ದಷ್ಟೇ ಅಲ್ಲ. ಹಲಸೂರಿನ ರಾಮಕೃಷ್ಣ ಮಠದಂಥ ಕೇಂದ್ರಗಳು ವಿವೇಕಾನಂದರ ಜನ್ಮದಿನವಾದ ಜನವರಿ 12ರ ಸುತ್ತ ಯುವಜನರನ್ನು ಸೇರಿಸುತ್ತವೆ; 1985ರಿಂದ ಅದು ರಾಷ್ಟ್ರೀಯ ಯುವ ದಿನ. ಹಲಸೂರು ಕೆರೆ ಬದಿಯ ಗುರುದ್ವಾರದ ಲಂಗರಿನಲ್ಲಿ ಹದಿಹರೆಯದವರು ರೊಟ್ಟಿ ಬಡಿಸಿ, ಪಾತ್ರೆ ತೊಳೆದು ಕಲಿಯುತ್ತಾರೆ. ಭಾಷಣವೇ ಇಲ್ಲದ ತರಬೇತಿ ಅದು. ಹೊರಮಾವಿನ ಯುವಕೂಟವೊಂದು ಒಂದು ಭಾನುವಾರ ಅಲ್ಲಿಗೆ ಹೋಗಿ ಅಡುಗೆಮನೆಯ ಹಿಂದಿನ ಏರ್ಪಾಡು ನೋಡಿ ಬಂದರೆ ನಷ್ಟವಿಲ್ಲ.

ಮುಗಿದ ಮೇಲೆ

ಹೊರಮಾವಿನ ಸಭೆಗಳಿಗೆ ಒಂದು ವಿಶೇಷ ಸಂಕಟ: ತಯಾರಾದವರು ನಿಲ್ಲುವುದಿಲ್ಲ. ಡಿಗ್ರಿ ಮುಗಿಸಿ ಪುಣೆಗೋ ಕೆನಡಾಕ್ಕೋ ಹೋಗುತ್ತಾರೆ, ಬಾಡಿಗೆ ಹೆಚ್ಚಿ ಕುಟುಂಬವೇ ಹೊಸಕೋಟೆ ಕಡೆಗೆ ಮನೆ ಬದಲಿಸುತ್ತದೆ. ಹೀಗಾಗಿ ಪ್ರತಿ ಹೊಣೆಗೂ ಇಬ್ಬರು, ಇಬ್ಬರಲ್ಲಿ ಒಬ್ಬರು ಎರಡು ವರ್ಷವಾದರೂ ಕಿರಿಯರು ಎಂಬ ನಿಯಮ ಆರಂಭದಿಂದಲೇ ಬೇಕು. ಒಂದು ನೋಟ್‌ಬುಕ್ಕಿನಲ್ಲಿ ಶಾಮಿಯಾನದವರ ನಂಬರು, ಹಾಲ್‌ನ ಬಾಡಿಗೆ, ಹೋದ ವರ್ಷ ಎಷ್ಟು ಪ್ಲೇಟು ಬಿರಿಯಾನಿ ಉಳಿಯಿತು, ಯಾವ ಬೀದಿಯಲ್ಲಿ ಕ್ಯಾರಲ್ಸ್‌ಗೆ ಆಕ್ಷೇಪ ಬಂತು ಎಂಬುದೆಲ್ಲ ಬರೆದಿರಲಿ. ಹೊರಟುಹೋದವರು ಹೊಸ ಊರಿನ ಸಭೆಗೆ ಸೇರುವಾಗ ಇಲ್ಲಿನ ಸಭಾಪಾಲಕರು ಕೊಡುವ ಪತ್ರದಲ್ಲಿ ದೀಕ್ಷಾಸ್ನಾನ, ದೃಢೀಕರಣದ ತಾರೀಖುಗಳಷ್ಟೇ ಇರುತ್ತವೆ. ಅವರು ಮೂರು ವರ್ಷ ವಿಬಿಎಸ್ ನಡೆಸಿದ್ದು, ಸುಗ್ಗಿ ಹರಾಜಿನ ಲೆಕ್ಕ ಒಪ್ಪಿಸಿದ್ದು ಅದೇ ಪತ್ರದಲ್ಲಿ ಒಂದು ಸಾಲಾಗಿ ಸೇರಿದರೆ, ಅಲ್ಲಿನ ಸಭೆ ಅವರನ್ನು ಮತ್ತೆ ಕುರ್ಚಿ ಜೋಡಿಸುವುದರಿಂದ ಶುರು ಮಾಡಿಸಬೇಕಾಗಿಲ್ಲ.